ರಾಕ್ ಬ್ಯಾಂಡೂ ಒಂದು ಕೂಡು ಕುಟುಂಬವೇ!

"ಏನ್ಲಾ ಮಗ ಅದು, ಕಿವಿ ಕಿತ್ತೋಗೋ ಹಂಗೆ?"

ಕೋಣೆಯೊಳಗಿಂದ ಗಿಟಾರಿನ ಸದ್ದು ಬಂದಾಗ ನೀವೂ ಹೀಗೆ ಗದರಿರಬಹುದು. ಮಂಡ್ಯದಲ್ಲಾಗಲಿ, ಮದ್ದೂರು ಮಳವಳ್ಳಿಗಳಲ್ಲಾಗಲಿ, ಕಾಲೇಜಿಗೆ ಹೋಗುವ ಮಗನೋ ಮಗಳೋ "ಅಮ್ಮಾ, ನಾವು ನಾಲ್ಕು ಜನ ಸೇರ್ಕೊಂಡು ಬ್ಯಾಂಡ್ ಕಟ್ತೀವಿ" ಎಂದರೆ ತಾಯಿಯ ಎದೆ ಧಸಕ್ಕೆನ್ನುವುದು ಸಹಜವೇ. ಓದಿನ ಗತಿ ಏನು? ಇದರಿಂದ ಹೊಟ್ಟೆ ತುಂಬೀತೆ? ಇವತ್ತು ಜೊತೆಗಿದ್ದವರು ನಾಳೆ ಕೈಬಿಟ್ಟು ಹೋದರೆ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಮೈಸೂರಿನ ಹುಡುಗನೊಬ್ಬ ಬೆಂಗಳೂರಿನಲ್ಲಿ ಕಟ್ಟಿದ 'ಸ್ವರಾತ್ಮ' ಎಂಬ ತಂಡದ ಕಥೆಯನ್ನು ಸ್ವಲ್ಪ ನೋಡೋಣ ಬನ್ನಿ.

ಯಾರ ಕೆಲಸ ಏನು?

ರಾಕ್ ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ ಅಲ್ಲವಷ್ಟೆ. ಇಲ್ಲಿ ನಾಲ್ಕೈದು ಜನರೇ ಸೇರಿ ಹಾಡು ಕಟ್ಟಿ, ತಾವೇ ನುಡಿಸಿ, ತಾವೇ ಹಾಡುತ್ತಾರೆ. ಮುಂದೆ ನಿಂತು ಹಾಡುವವನೊಬ್ಬ. ಗಿಟಾರ್ ನುಡಿಸುವವನೊಬ್ಬ. ಡ್ರಮ್ಸ್ ಬಾರಿಸುವವನ ಕೈಯಲ್ಲಿ ಇಡೀ ತಂಡದ ಲಯ. ಇನ್ನು ಬೇಸ್ ಗಿಟಾರ್ ಎಂಬುದೊಂದಿದೆ. ಅದು ಸಾರಿನಲ್ಲಿ ಉಪ್ಪಿದ್ದ ಹಾಗೆ. ಇದ್ದಾಗ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಊಟವೇ ಸೇರುವುದಿಲ್ಲ!

ಸ್ವರಾತ್ಮ ಹುಟ್ಟಿದ್ದು 2002ರಲ್ಲಿ. ಅದರ ಗಾಯಕ ವಾಸು ದೀಕ್ಷಿತ್. ಇವರ ಅಣ್ಣ ರಘು ದೀಕ್ಷಿತ್ ಅಷ್ಟರಲ್ಲಾಗಲೇ 'ಅಂತರಾಗ್ನಿ' ಎಂಬ ತಂಡ ಕಟ್ಟಿದ್ದರು. ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಜೊತೆ ಹಾಡಿ ಹೆಸರಾದವರು ಅವರೇ. ಒಂದೇ ಮನೆಯ ಅಣ್ಣ ತಮ್ಮಂದಿರು ಬೇರೆ ಬೇರೆ ತಂಡ ಕಟ್ಟಿ ಎರಡೂ ನಿಂತಿದ್ದು ವಿಶೇಷವೇ.

ಹೆಸರು ಬರಲು ನಾಲ್ಕು ವರ್ಷ ಹಿಡಿಯಿತು. 2006ರಲ್ಲಿ ರೇಡಿಯೋ ಸಿಟಿ ನಡೆಸಿದ ಸ್ಪರ್ಧೆಯಲ್ಲಿ ತಂಡ ಗೆದ್ದಿತು. ಮೊದಲ ಆಲ್ಬಮ್ ಬಂದದ್ದು 2009ರಲ್ಲಿ. ಅಂದರೆ ಏಳು ವರ್ಷ! ಆ ಹೊತ್ತಿಗೆ ತಂಡದಲ್ಲಿದ್ದವರು ಆರು ಮಂದಿ: ವಾಸು ದೀಕ್ಷಿತ್, ಗಿಟಾರಿಗೆ ವರುಣ್ ಮುರಳಿ, ಬೇಸ್ ಗಿಟಾರಿಗೆ ಜಿಷ್ಣು ದಾಸ್‌ಗುಪ್ತಾ, ಡ್ರಮ್ಸಿಗೆ ಮಾಂಟ್ರಿ ಮ್ಯಾನ್ಯುಯಲ್, ತಾಳವಾದ್ಯಗಳಿಗೆ ಪವನ್ ಕುಮಾರ್, ಪಿಟೀಲಿಗೆ ಸಂಜೀವ್ ನಾಯಕ್. ಆರು ಹೆಸರನ್ನೂ ಮತ್ತೊಮ್ಮೆ ಓದಿ ನೋಡಿ. ಕನ್ನಡ, ಬಂಗಾಳಿ, ಕ್ರೈಸ್ತ ಹೆಸರುಗಳೆಲ್ಲ ಒಂದೇ ಪಂಕ್ತಿಯಲ್ಲಿ ಕೂತಿವೆ. ಹಾಡುಗಳೂ ಹಾಗೇ, ಕನ್ನಡದಲ್ಲಿ ಒಂದು, ಹಿಂದಿಯಲ್ಲಿ ಇನ್ನೊಂದು. 2012ರಲ್ಲಿ 'ಟೋಪಿವಾಲೆ', 2018ರಲ್ಲಿ 'ರಾಹ್-ಎ-ಫಕೀರಾ' ಎಂಬ ಆಲ್ಬಮ್‌ಗಳು ಬಂದವು.

ಕಾವೇರಿಯ ಬಾಯಾರಿಕೆ

ಮಂಡ್ಯದ ಸೋದರಿಯರು ಗಮನಿಸಬೇಕಾದ ಹಾಡೊಂದು ಮೊದಲ ಆಲ್ಬಮಿನಲ್ಲೇ ಇದೆ. 'ಪ್ಯಾಸಿ' ಎಂದು ಅದರ ಹೆಸರು. ಪ್ಯಾಸಿ ಎಂದರೆ ಬಾಯಾರಿದವಳು. ಯಾರು ಆ ಬಾಯಾರಿದವಳು ಅಂತೀರಾ? ನಮ್ಮ ಕಾವೇರಿ! ಎರಡು ರಾಜ್ಯಗಳು ನೀರಿಗಾಗಿ ಕಿತ್ತಾಡುವಾಗ ನದಿಯ ಕಷ್ಟ ಏನೆಂದು ಕೇಳುವ ಹಾಡು ಅದು.

1991ರ ಗಲಭೆ, 2016ರ ಬಂದ್ ಇವನ್ನೆಲ್ಲ ಕಂಡವರು ನಾವು. ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬುದರ ಮೇಲೆ ಮಗಳ ಮದುವೆಯ ತಿಂಗಳು ಗೊತ್ತಾಗುವ ಊರು ನಮ್ಮದು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ನೀರು ಕೊಟ್ಟು ತೀರ್ಪಿತ್ತಿತು. ಆದರೂ ಮಳೆ ಕೈಕೊಟ್ಟ ವರ್ಷ ಎದೆಬಡಿತ ತಪ್ಪಿಲ್ಲ. ಇಂಥ ವಿಷಯವನ್ನು ಗಿಟಾರು ಹಿಡಿದ ಹುಡುಗರು ಹಾಡಿದರೆ ಅದನ್ನು ಬರೀ ಗಲಾಟೆ ಎನ್ನಲಾದೀತೆ?

ಬಂದವರು, ಹೋದವರು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಜನ ಬದಲಾದರೆ ತಂಡ ಉಳಿಯುತ್ತದೆಯೆ?

ಬದಲಾಗದ ತಂಡವೇ ಅಪರೂಪ. ಜಗತ್ತೇ ಕೊಂಡಾಡಿದ ಬೀಟಲ್ಸ್ ತಂಡ 1962ರಲ್ಲಿ ತನ್ನ ಡ್ರಮ್ಸ್‌ಗಾರ ಪೀಟ್ ಬೆಸ್ಟ್‌ನನ್ನು ಬಿಟ್ಟು ರಿಂಗೋ ಸ್ಟಾರ್‌ನನ್ನು ಕರೆದುಕೊಂಡಿತು. 1990ರಲ್ಲಿ ದೆಹಲಿಯಲ್ಲಿ ಹುಟ್ಟಿದ 'ಇಂಡಿಯನ್ ಓಷನ್' 2009ರಲ್ಲಿ ತಬಲಾ ನುಡಿಸುತ್ತ ಹಾಡುತ್ತಿದ್ದ ಅಶೀಮ್ ಚಕ್ರವರ್ತಿಯವರನ್ನು ಕಳೆದುಕೊಂಡಿತು. 2013ರಲ್ಲಿ ಗಿಟಾರಿನ ಸುಶ್ಮಿತ್ ಸೇನ್ ಹೊರನಡೆದರು. ತಂಡ ನಿಲ್ಲಲಿಲ್ಲ. ರಘು ದೀಕ್ಷಿತರಂತೂ ಅಂತರಾಗ್ನಿಯ ನಂತರ ಕಟ್ಟಿದ ತಂಡದ ಬಾಗಿಲನ್ನು ತೆರೆದೇ ಇಟ್ಟರು. ವಾದ್ಯಗಾರರು ಬರಬಹುದು, ಹೋಗಬಹುದು.

ಯೋಚಿಸಿ ನೋಡಿ, ಇದು ನಮಗೇನು ಹೊಸದೆ? ಮಳವಳ್ಳಿ ಸೀಮೆಯ ನೀಲಗಾರರ ಮೇಳ ಇರುವುದೂ ಹೀಗೆಯೇ. ಮುಂದಾಳಿನ ಕೈಯಲ್ಲಿ ತಂಬೂರಿ, ಗಗ್ಗರ. ಹಿಮ್ಮೇಳದವರ ಬಳಿ ಡಕ್ಕೆ, ತಾಳ. ರಾತ್ರಿಯಿಡೀ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋದ ಹಲಗೂರು ಮಳವಳ್ಳಿ ತಾಲ್ಲೂಕಿನದೇ, ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪೇಗೌಡನಪುರವೂ ಅಲ್ಲಿಯದೇ. ಮುಂದಾಳಿಗೆ ವಯಸ್ಸಾದರೆ ಹಿಮ್ಮೇಳದಲ್ಲಿ ದನಿಗೂಡಿಸುತ್ತಿದ್ದವನು ತಂಬೂರಿ ಹಿಡಿಯುತ್ತಾನೆ. ಆಳು ಬದಲಾದರೂ ಕಥೆ ಮುಂದುವರಿಯುತ್ತದೆ. ಮನೆಗೆ ಸೊಸೆ ಬಂದ ಮೇಲೆ ಸಾರಿನ ರುಚಿ ತುಸು ಬದಲಾಗುವುದಿಲ್ಲವೆ? ಹಾಗೆಯೇ ಇದೂ.

ಒಂದು ಮಾತು ಮಾತ್ರ ಹೇಳಲೇಬೇಕು. ಸ್ವರಾತ್ಮದ ಆ ಆರು ಜನರಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ. ನೀಲಗಾರರ ಮೇಳದಲ್ಲೂ ಹೆಚ್ಚಿನವರು ಗಂಡಸರೇ. ಸೋಬಾನೆ ಪದ, ನಾಟಿ ಹಾಕುವಾಗಿನ ಪದ ಇವನ್ನೆಲ್ಲ ಕಾಪಾಡಿಕೊಂಡು ಬಂದವರು ಹೆಂಗಸರಾದರೂ ವೇದಿಕೆ ಸಿಕ್ಕಿದ್ದು ಕಡಿಮೆ. ಮಗ ಗಿಟಾರ್ ಹಿಡಿದರೆ ಶೋಕಿ, ಮಗಳು ಹಿಡಿದರೆ "ನಿಂಗ್ಯಾಕವ್ವ ಇದೆಲ್ಲ" ಎನ್ನುವವರು ನಾವೇ ತಾನೆ?

ತಾಯಂದಿರಿಗೆ ನಾಲ್ಕು ಮಾತು

ಮೊದಲನೆಯದಾಗಿ, ಬೇಡವೆಂದು ಹಟ ಹಿಡಿಯಬೇಡಿ. ಓದನ್ನು ಅರ್ಧಕ್ಕೆ ಬಿಡುವುದಿಲ್ಲವೆಂಬ ಮಾತು ಮಾತ್ರ ತೆಗೆದುಕೊಳ್ಳಿ. ಹೆಸರು ಬರಲು ಏಳು ವರ್ಷವೂ ಆದೀತು, ಅಲ್ಲಿಯವರೆಗೆ ಕೈಯಲ್ಲೊಂದು ಕಸುಬು ಬೇಕು.

ಎರಡನೆಯದು, ದುಡ್ಡಿನ ಲೆಕ್ಕ. ಮೊದಲ ದಿನವೇ ಒಂದು ನೋಟ್‌ಬುಕ್ ತೆರೆಯಲಿ. ಸ್ಪೀಕರ್ ಯಾರದು, ಬಾಡಿಗೆ ಯಾರು ಕೊಟ್ಟರು, ಬಂದ ಸಂಭಾವನೆಯಲ್ಲಿ ಯಾರಿಗೆಷ್ಟು, ಹಾಡು ಬರೆದವರು ಯಾರು ಎಂಬುದೆಲ್ಲ ಬರಹದಲ್ಲಿರಲಿ. ಬಾಯಿಮಾತಿನ ಪಾಲು ಆಮೇಲೆ ಜಗಳಕ್ಕೆ ದಾರಿ.

ಮೂರನೆಯದು, ನಮ್ಮ ಕಡೆಯ ಪದ ಹಾಡುವುದಾದರೆ ಕಲಿಸಿದ ಹಿರಿಯರ ಹೆಸರು ವೇದಿಕೆಯಲ್ಲಿ ಹೇಳಲಿ, ಸಂಭಾವನೆಯಲ್ಲಿ ಅವರಿಗೂ ಪಾಲಿರಲಿ.

ನಾಲ್ಕನೆಯದು, ಯಾರಾದರೂ ತಂಡ ಬಿಟ್ಟರೆ "ನಾನವತ್ತೇ ಹೇಳಿರಲಿಲ್ವಾ?" ಎಂದು ಚುಚ್ಚಬೇಡಿ. ಬಿಟ್ಟು ಹೋದ ಹುಡುಗ ಹಬ್ಬಕ್ಕೆ ಮನೆಗೆ ಬಂದರೆ ಅವನಿಗೂ ಒಂದು ಎಲೆ ಹಾಕಿ. ಹಾಗೆಯೇ ಸಂಜೆ ಅಭ್ಯಾಸಕ್ಕೆ ಬಂದ ಹುಡುಗರಿಗೆ ನಾಲ್ಕು ಮದ್ದೂರು ವಡೆ ಕರಿದು ಕೊಟ್ಟು, ಬಾಗಿಲ ಬಳಿ ಕೂತು ಒಂದು ಹಾಡು ಪೂರ್ತಿ ಕೇಳಿ. ನಿಮಗೆ ಬರುವ ಸೋಬಾನೆ ಪದವೊಂದನ್ನು ಅವರಿಗೂ ಕಲಿಸಿ!