ಒಂದು ತುಂಡು ಖಣ, ಕೂಸಿಗೊಂದು ಕುಂಚಿಗೆ

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ ರವಿಕೆಗೆ ಹೆಸರುವಾಸಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಅದೇ ಬಟ್ಟೆಯಿಂದ ಕೂಸಿಗೆ ಕುಂಚಿಗೆಯೂ ಆಗುತ್ತದೆ: ತಲೆಗೆ ಟೊಪ್ಪಿಗೆ, ಬೆನ್ನಿಗೆ ಹೊದಿಕೆ, ಎರಡೂ ಒಂದರಲ್ಲೇ.

ಹೊಲಿಗೆ ಮಿಷನ್ ಇಲ್ಲದಿದ್ದರೂ ನಡೆದೀತು.

ಸುಮಾರು 45 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಖಣ ಬೇಕು. ಅಸ್ತರಿಗೆ ಅದೇ ಅಳತೆಯ ಹಳೆಯ ಹತ್ತಿ ಸೀರೆ. ಹತ್ತಾರು ಸಲ ಒಗೆದು ಮೆತ್ತಗಾದದ್ದೇ ಒಳ್ಳೆಯದು. ಹೊಸ ಹತ್ತಿಬಟ್ಟೆ ಕುಗ್ಗುತ್ತದೆ, ಒರಟೂ ಇರುತ್ತದೆ. ಎರಡರ ಚಂದದ ಮೈ ಒಳಗೆ ಬರುವಂತೆ ಜೋಡಿಸಿ ಸುತ್ತ ಹೊಲಿದು, ಅಂಗೈಯಷ್ಟು ಸಂದಿ ಬಿಟ್ಟು, ಅಲ್ಲಿಂದ ಮಗುಚಿದರಾಯಿತು. ಸಂದಿ ಮುಚ್ಚಿ, ಉದ್ದುದ್ದಕ್ಕೆ ಎರಡಾಗಿ ಮಡಚಿ, ಮೇಲಿನ ಅಂಚನ್ನಷ್ಟೇ ಕೂಡಿಸಿ ಹೊಲಿದರೆ ಟೊಪ್ಪಿಗೆ ಸಿದ್ಧ. ಉಳಿದದ್ದು ಬೆನ್ನಿಗೆ ಇಳಿಬೀಳುತ್ತದೆ. ಖಣದ ಅಂಚು ಕೆಳಗೆ ಬಂದರೆ ನೋಡಲು ಇನ್ನೂ ಸೊಗಸು.

ಗಲ್ಲದ ಬಳಿ ಎರಡು ಗಿಡ್ಡ ಲಾಡಿ ಸಾಕು. ಅಜ್ಜಿಯಂದಿರಿಗೆ ಮಣಿ, ಗೆಜ್ಜೆ ಪೋಣಿಸುವ ಆಸೆ ಇದ್ದೇ ಇರುತ್ತದೆ! ಆದರೆ ಕಿತ್ತುಬಂದ ಮಣಿ ನೇರ ಕೂಸಿನ ಬಾಯಿಗೆ ಹೋಗುತ್ತದೆ. ಬದಲಿಗೆ ಬಣ್ಣದ ದಾರದ ಕಸೂತಿ ಹಾಕಬಹುದು. ಕೂಸು ಮಲಗಿದಾಗ ಮಾತ್ರ ಕುಂಚಿಗೆ ಬಿಚ್ಚಿಡಬೇಕು.