ಹಿಮದ ನಡುವೆ ಬೆಂಕಿ

ಪೆಟ್ರೋಲಿನ ಬಳಿಗೆ ಬೆಂಕಿಯನ್ನು ಒಯ್ಯಬಾರದೆಂಬುದನ್ನು ಚಿಕ್ಕ ಮಕ್ಕಳೂ ಬಲ್ಲರು. ಆದರೆ ನೀರು ಕಲ್ಲಿನಂತೆ ಹೆಪ್ಪುಗಟ್ಟುವ ನಾಡಿನಲ್ಲಿ, ಸೊನ್ನೆಗೆ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ, ಪೆಟ್ರೋಲಿನ ಭಯ ತಾನಾಗಿಯೇ ದೂರವಾಗಬೇಕಲ್ಲವೆ? ಹಾಗೆಂದು ತೋರುವುದು ಸಹಜ. ಈ ಊಹೆ ಎಷ್ಟು ತಪ್ಪಾದುದು ಎಂಬುದನ್ನು ಸ್ನೋಮೊಬೈಲ್ ಎಂಬ ಹಿಮವಾಹನದ ಕಥೆಯಿಂದ ತಿಳಿಯಬಹುದು.

ಹಿಮವಾಹನಕ್ಕೆ ಮುಂಭಾಗದಲ್ಲಿ ಜಾರುವ ಹಲಗೆಗಳೂ ಹಿಂಭಾಗದಲ್ಲಿ ಎಂಜಿನ್ನಿನ ಬಲದಿಂದ ತಿರುಗುವ ಅಗಲವಾದ ರಬ್ಬರ್ ಪಟ್ಟಿಯೂ ಇರುತ್ತವೆ. ಇದರ ಚರಿತ್ರೆಯಲ್ಲಿ ಒಂದು ದುಃಖವೂ ಸೇರಿದೆ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಜೋಸೆಫ್ ಅರ್ಮಾನ್ ಬೊಂಬಾರ್ಡಿಯೇ ಎಂಬವರು ಹಿಮದ ಮೇಲೆ ಓಡುವ ಬಂಡಿಗಾಗಿ ಎಳೆಯ ವಯಸ್ಸಿನಿಂದಲೂ ಪ್ರಯತ್ನಿಸುತ್ತಿದ್ದರು. 1934ರ ಚಳಿಗಾಲದಲ್ಲಿ ಅವರ ಪುಟ್ಟ ಮಗ ಕಾಯಿಲೆ ಬಿದ್ದನು. ದಾರಿಗಳೆಲ್ಲ ಹಿಮದಿಂದ ಮುಚ್ಚಿದ್ದುದರಿಂದ ಮಗುವನ್ನು ಆಸ್ಪತ್ರೆಗೆ ಒಯ್ಯಲಾಗಲಿಲ್ಲ, ಮಗು ಉಳಿಯಲಿಲ್ಲ. 1937ರಲ್ಲಿ ಅವರು ತಮ್ಮ ಬಂಡಿಯ ಪಟ್ಟಿ ಮತ್ತು ಹಲ್ಲುಚಕ್ರಗಳ ಏರ್ಪಾಟಿಗೆ ಪೇಟೆಂಟ್ ಪಡೆದರು. 1959ರಲ್ಲಿ ಸ್ಕೀ-ಡೂ ಎಂಬ ಹಗುರವಾದ ವಾಹನವು ಮಾರುಕಟ್ಟೆಗೆ ಬಂದಿತು.

ಇಂತಹ ವಾಹನವೇ ದಾರಿಯಿಲ್ಲದ ಹಿಮದ ಬಯಲಿನಲ್ಲಿ ಹೊತ್ತಿಕೊಂಡರೆ ಸವಾರನ ಗತಿಯೇನು? ಬೆಂಕಿಯಿಂದ ತಪ್ಪಿಸಿಕೊಂಡವನನ್ನು ಚಳಿ ಕಾದಿರುತ್ತದೆ. 2022ರ ಡಿಸೆಂಬರಿನಲ್ಲಿ ಅಮೆರಿಕದ ಪೊಲಾರಿಸ್ ಸಂಸ್ಥೆಯು ತನ್ನ ಕೆಲವು ಬಗೆಯ ಹಿಮವಾಹನಗಳ ಸವಾರಿಯನ್ನು ಕೂಡಲೆ ನಿಲ್ಲಿಸಬೇಕೆಂದು ಕೊಂಡವರಿಗೆ ತಿಳಿಸಿತು. 2023ರ ಆರಂಭದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ವಾಹನಗಳನ್ನು ದುರಸ್ತಿಗಾಗಿ ಮರಳಿ ಕರೆಯಲಾಯಿತು. ಟ್ಯಾಂಕಿನೊಳಗೆ ಸ್ಥಿರವಿದ್ಯುತ್ತಿನ ಕಿಡಿ ಹಾರಿ ಪೆಟ್ರೋಲಿನ ಆವಿ ಹೊತ್ತಿಕೊಳ್ಳುವ ಸಂಭವವಿದ್ದುದೇ ಇದಕ್ಕೆ ಕಾರಣ. ಬೇರೆ ತಯಾರಕರ ಹಿಮವಾಹನಗಳನ್ನೂ ಇಂಧನದ ಸೋರಿಕೆಗಾಗಿ ಹೀಗೆ ಮರಳಿ ಕರೆದುದುಂಟು.

ಇದರ ಭೌತಿಕ ಕಾರಣವನ್ನು ಈಗ ವಿಚಾರಿಸೋಣ. ಉರಿಯುವುದು ದ್ರವರೂಪದ ಪೆಟ್ರೋಲಲ್ಲ, ಅದರ ಆವಿ. ಹೊತ್ತಿಕೊಳ್ಳಲು ಸಾಕಾಗುವಷ್ಟು ಆವಿಯನ್ನು ಪೆಟ್ರೋಲು ಸೊನ್ನೆಗೆ ಸುಮಾರು 40 ಡಿಗ್ರಿ ಕೆಳಗೂ ಕೊಡಬಲ್ಲದು. ಆದರೆ ಆವಿಯಿದ್ದ ಮಾತ್ರಕ್ಕೆ ಬೆಂಕಿ ಹತ್ತುವುದಿಲ್ಲ. ಗಾಳಿಯೊಡನೆ ಬೆರೆತ ಆವಿಯ ಪ್ರಮಾಣವು ಸುಮಾರು ನೂರಕ್ಕೆ 1.4ರಿಂದ 7.6ರ ಒಳಗೆ ಇರಬೇಕು. ಇದಕ್ಕಿಂತ ಕಡಿಮೆಯಾದರೆ ಇಂಧನ ಸಾಲದು, ಹೆಚ್ಚಾದರೆ ಆಮ್ಲಜನಕ ಸಾಲದು.

ಇಲ್ಲಿಯೇ ಒಂದು ವಿಚಿತ್ರವಿದೆ. ನಮ್ಮ ನಾಡಿನ ಸೆಕೆಯಲ್ಲಿ ಮುಚ್ಚಿದ ಟ್ಯಾಂಕಿನೊಳಗೆ ಆವಿಯು ಎಷ್ಟು ದಟ್ಟವಾಗಿರುತ್ತದೆಂದರೆ, ಅದು ಮೇಲಿನ ಮಿತಿಯನ್ನು ಎಂದೋ ದಾಟಿರುತ್ತದೆ. ಆದುದರಿಂದ ಅಲ್ಲಿ ಕಿಡಿ ಹಾರಿದರೂ ಉರಿ ಏಳುವುದು ಕಷ್ಟ. ಉಷ್ಣತೆಯು ಸೊನ್ನೆಗೆ ಬಹಳ ಕೆಳಗೆ ಇಳಿದಾಗ ಆವಿಯು ವಿರಳವಾಗುತ್ತ ಬಂದು, ಸರಿಯಾಗಿ ಉರಿಯಬಲ್ಲ ಪ್ರಮಾಣಕ್ಕೆ ತಲುಪುತ್ತದೆ. ಟ್ಯಾಂಕಿನ ಮಟ್ಟಿಗೆ ಚಳಿಯು ಅಪಾಯವನ್ನು ದೂರಮಾಡುವ ಬದಲು ಹತ್ತಿರ ತರುತ್ತದೆ!

ಇನ್ನು ಕಿಡಿಯ ವಿಷಯ. ಬಾಚಣಿಗೆಯನ್ನು ಕೂದಲಿಗೆ ಉಜ್ಜಿ ಕಾಗದದ ಚೂರುಗಳನ್ನು ಎತ್ತುವ ಪ್ರಯೋಗವನ್ನು ನಾವು ತರಗತಿಯಲ್ಲಿ ತೋರಿಸುತ್ತೇವೆ. ಮಳೆಗಾಲದಲ್ಲಿ ಈ ಪ್ರಯೋಗ ಬಹುತೇಕ ಸೋಲುತ್ತದೆ, ಏಕೆಂದರೆ ತೇವದ ಮೂಲಕ ವಿದ್ಯುದಾವೇಶ ಹರಿದುಹೋಗುತ್ತದೆ. ಹಿಮನಾಡಿನ ಒಣಹವೆಯಲ್ಲಾದರೋ ಅದು ಬಹಳ ಹೊತ್ತು ನಿಲ್ಲುತ್ತದೆ. ಕೊಳವೆಯಲ್ಲೂ ಶೋಧಕದಲ್ಲೂ ಹರಿಯುವ ಪೆಟ್ರೋಲು ಹೀಗೆಯೇ ಆವೇಶವನ್ನು ಪಡೆಯುತ್ತದೆ. ಪ್ಲಾಸ್ಟಿಕ್ಕಿನ ಟ್ಯಾಂಕು ಅದನ್ನು ಹೊರಗೆ ಹರಿಯಗೊಡುವುದಿಲ್ಲ. ಪೆಟ್ರೋಲಿನ ಆವಿಯನ್ನು ಹೊತ್ತಿಸಲು ಒಂದು ಜೂಲಿನ ಸಾವಿರದಲ್ಲೊಂದು ಭಾಗದ ಕಾಲಂಶದಷ್ಟು ಶಕ್ತಿ ಸಾಕು. ಒಣಹವೆಯಲ್ಲಿ ಕಂಬಳಿ ಕೊಡವಿ ಬಾಗಿಲಿನ ಚಿಲಕವನ್ನು ಮುಟ್ಟಿದಾಗ ಬೆರಳಿನಿಂದ ಹಾರುವ ಕಿಡಿಯಲ್ಲಿ ಇದರ ಹತ್ತಿಪ್ಪತ್ತರಷ್ಟು ಶಕ್ತಿಯಿರಬಹುದು.

ಸೋರಿಕೆಯ ಮಾತೂ ಹೀಗೆಯೇ. ಚಳಿಯಲ್ಲಿ ರಬ್ಬರಿನ ಕೊಳವೆ ಬಿರುಸಾಗುತ್ತದೆ. ರಬ್ಬರ್, ಪ್ಲಾಸ್ಟಿಕ್, ಲೋಹಗಳು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವಾದುದರಿಂದ ಜೋಡಣೆಗಳು ಸಡಿಲವಾಗುತ್ತವೆ; ಓಟದ ಕುಲುಕಾಟ ಉಳಿದ ಕೆಲಸವನ್ನು ಮುಗಿಸುತ್ತದೆ. ಒಂದು ಚಮಚೆ, ಎಂದರೆ 5 ಮಿಲಿಲೀಟರ್ ಪೆಟ್ರೋಲು ಪೂರ್ತಿ ಆವಿಯಾದರೆ ಸುಮಾರು 60 ಲೀಟರ್ ಗಾಳಿಯನ್ನು ಹೊತ್ತಿಕೊಳ್ಳುವಂತೆ ಮಾಡಬಲ್ಲದು. ಈ ಆವಿಯು ಗಾಳಿಗಿಂತ ಭಾರವಾದುದರಿಂದ ಮೇಲೇರಿ ಚದುರದೆ ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಮುಚ್ಚಳದೊಳಗೆ, ಕಾದ ಹೊಗೆಕೊಳವೆಯ ಪಕ್ಕದಲ್ಲಿ, ಅದು ಹಾಗೆ ನಿಲ್ಲುವುದು ಕ್ಷೇಮವಲ್ಲ.

ಒಂದು ಜೋಡಣೆಯ ದೋಷವೆಂದರೆ ಒಂದು ವಾಹನದ ದೋಷವಲ್ಲ. ಒಂದೇ ನಕ್ಷೆಯಂತೆ ತಯಾರಾದ ಎಲ್ಲ ವಾಹನಗಳಲ್ಲೂ ಅದು ಅಡಗಿರಬಹುದು. ಆದುದರಿಂದಲೇ ವಾಹನಗಳನ್ನು ಮರಳಿ ಕರೆಯುವ ಪದ್ಧತಿ ಬಂದಿದೆ. ಅಮೆರಿಕದಲ್ಲಿ 1972ರ ಶಾಸನದಿಂದ ಸ್ಥಾಪಿತವಾದ ಬಳಕೆಯ ವಸ್ತುಗಳ ಸುರಕ್ಷತಾ ಆಯೋಗವು ಹಿಮವಾಹನಗಳ ವಿಷಯವನ್ನು ನೋಡಿಕೊಳ್ಳುತ್ತದೆ. ಅಪಾಯಕರವಾದ ದೋಷದ ಸುಳಿವು ದೊರೆತರೆ ತಯಾರಕನು 24 ಗಂಟೆಗಳೊಳಗೆ ಅದಕ್ಕೆ ವರದಿ ಮಾಡಬೇಕು. ನಮ್ಮ ದೇಶದಲ್ಲೂ ಮೋಟಾರು ವಾಹನ ಶಾಸನಕ್ಕೆ 2019ರಲ್ಲಿ ಮಾಡಿದ ತಿದ್ದುಪಡಿಯು ದೋಷಯುಕ್ತ ವಾಹನಗಳನ್ನು ಮರಳಿ ಕರೆಯಬೇಕೆಂದು ಆಜ್ಞಾಪಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ.

ಆದರೆ ತಯಾರಕನು ಕರೆದರೆ ಸಾಲದು, ಕೊಂಡವನು ಓಗೊಡಬೇಕು. “ಇಷ್ಟು ದಿನ ಏನೂ ಆಗಲಿಲ್ಲವಲ್ಲ” ಎಂದು ಅವನು ಕಾಗದವನ್ನು ಬದಿಗಿಟ್ಟರೆ ಶಾಸನವೂ ವಿಜ್ಞಾನವೂ ಅವನನ್ನು ಕಾಯಲಾರವು. ಏನೂ ಆಗದಿದ್ದುದಕ್ಕೆ ಕಾರಣ ಇಷ್ಟೆ: ಆವಿ, ಗಾಳಿ, ಕಿಡಿ ಮೂರೂ ತಕ್ಕ ಪ್ರಮಾಣದಲ್ಲಿ ಇನ್ನೂ ಒಂದೆಡೆ ಕೂಡಿರಲಿಲ್ಲ. ನಮ್ಮ ಮನೆಯ ಸ್ಕೂಟರಿನ ಬಳಿ ಪೆಟ್ರೋಲಿನ ವಾಸನೆ ಬಂದಾಗಲೂ ಈ ಮಾತನ್ನು ನೆನೆಯುವುದು ಒಳ್ಳೆಯದು. ಮೂಗಿಗೆ ವಾಸನೆ ತಾಗಿತೆಂದರೆ ಆವಿಯೂ ಗಾಳಿಯೂ ಆಗಲೇ ಕೂಡಿವೆ, ಬರಬೇಕಾದುದು ಕಿಡಿಯೊಂದೇ ಆಗಿರಬಹುದು.