ಟ್ರ್ಯಾಕ್ಟರ್ ಖರೀದಿ: ಊರಿನ ಡೀಲರೋ, ಘಟ್ಟದ ಮೇಲಿನ ಕಡಿಮೆ ಬೆಲೆಯೋ?

ಈಸ್ಟರ್ ಹಬ್ಬ ಕಳೆದು ಮಳೆಗಾಲದ ಮಾತು ಆರಂಭವಾಗುವ ಹೊತ್ತಿಗೆ ಪ್ರತಿವರ್ಷ ನಮ್ಮನ್ನು ಹುಡುಕಿಕೊಂಡು ಬರುವ ಪ್ರಶ್ನೆಯೊಂದಿದೆ. ವಾಳೆಯ ನಾಲ್ಕೈದು ಮಂದಿ ಕೃಷಿಕರು, ಜೊತೆಗೆ ಗುರ್ಕಾರರು ಬಂದು ಕೂರುತ್ತಾರೆ. "ಫಾದರ್, ಇಲ್ಲಿ ಹೇಳುವ ಬೆಲೆಗಿಂತ 40 ಸಾವಿರ ಕಡಿಮೆಗೆ ಘಟ್ಟದ ಮೇಲೆ ಟ್ರ್ಯಾಕ್ಟರ್ ಸಿಗುತ್ತದಂತೆ. ಅಲ್ಲಿಂದಲೇ ತರೋಣವೇ?" ಎಂದು ಕೇಳುತ್ತಾರೆ.

ಪ್ರಶ್ನೆ ಸಣ್ಣದಲ್ಲ. ಕರಾವಳಿಯಲ್ಲಿ ಕೋಣ, ಎತ್ತು ಕಟ್ಟಿ ಉಳುವ ಮನೆಗಳು ಬೆರಳೆಣಿಕೆಯಷ್ಟು. ಕೆಲಸಕ್ಕೆ ಜನ ಸಿಗದೆ ಗದ್ದೆಗಳು ಹಡೀಲು ಬಿದ್ದಿವೆ. 2021ರಲ್ಲಿ ಉಡುಪಿಯ ಕಡೆ ಹಡೀಲು ಭೂಮಿ ಕೃಷಿಯ ಆಂದೋಲನ ನಡೆದ ಮೇಲೆ ಹಲವು ಊರುಗಳಲ್ಲಿ ಗುಂಪಾಗಿ ಬೇಸಾಯ ಮಾಡುವ ಹುರುಪು ಬಂದಿದೆ. ಹೀಗೆ ಗುಂಪು ಸೇರಿದವರು ಮೊದಲು ಯೋಚಿಸುವುದು ಟಿಲ್ಲರ್ ಅಥವಾ ಟ್ರ್ಯಾಕ್ಟರಿನ ಬಗ್ಗೆ. ಅದಕ್ಕೆ ಹಾಕುವ ಹಣ ಹತ್ತಾರು ಮನೆಗಳ ಉಳಿತಾಯ, ಜೊತೆಗೆ ಬ್ಯಾಂಕಿನ ಸಾಲ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಬೆಲೆಯಲ್ಲಿ ವ್ಯತ್ಯಾಸ ಏಕೆ?

ಮೊದಲನೆಯದಾಗಿ, ಅದು ತೆರಿಗೆಯ ವ್ಯತ್ಯಾಸವಲ್ಲ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ದೇಶದಾದ್ಯಂತ ಒಂದು ವಸ್ತುವಿಗೆ ಒಂದೇ ದರ. ಕೃಷಿ ಟ್ರ್ಯಾಕ್ಟರಿನ ಮೇಲೆ ಮೊದಲು ಶೇ. 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕೆ ಇಳಿದಿದೆ. ತೆರಿಗೆಗೆ ಮುಂಚಿನ ಬೆಲೆ 6 ಲಕ್ಷ ಇದ್ದರೆ ಈ ಇಳಿಕೆಯೊಂದರಿಂದಲೇ 42 ಸಾವಿರ ರೂಪಾಯಿ ಕಡಿಮೆಯಾಗುತ್ತದೆ. ಯಾರಾದರೂ ಹಳೆಯ ದರಪಟ್ಟಿಯನ್ನು ಹೊಸದರ ಜೊತೆ ಹೋಲಿಸಿ "ಅಲ್ಲಿ ಅಗ್ಗ" ಎನ್ನುತ್ತಿದ್ದರೆ ಮೊದಲು ತಾರೀಕು ನೋಡಿ.

ಎರಡನೆಯದಾಗಿ, ಮಾರಾಟದ ಪ್ರಮಾಣ. ದಾವಣಗೆರೆ, ಹಾವೇರಿ, ಧಾರವಾಡದಂತಹ ಬಯಲುನಾಡಿನಲ್ಲಿ ಟ್ರ್ಯಾಕ್ಟರಿನ ವ್ಯಾಪಾರ ನಮಗಿಂತ ಬಹಳ ಹೆಚ್ಚು, ಡೀಲರ್‌ಗಳ ನಡುವೆ ಪೈಪೋಟಿಯೂ ಹೆಚ್ಚು. ಹೆಚ್ಚು ಮಾರುವವನು ಒಂದೊಂದರಲ್ಲಿ ಕಡಿಮೆ ಲಾಭ ಇಟ್ಟುಕೊಂಡರೂ ನಡೆಯುತ್ತದೆ. ಮಾರಾಟದ ಗುರಿ ಮುಟ್ಟಬೇಕಾದ ತಿಂಗಳಲ್ಲಿ ಇನ್ನಷ್ಟು ಬಿಟ್ಟುಕೊಡುವುದೂ ಉಂಟು. ಇದರಲ್ಲಿ ಮೋಸವೇನೂ ಇಲ್ಲ.

ಮೂರನೆಯದಾಗಿ, ಕೆಲವೊಮ್ಮೆ ಅಗ್ಗದ ಬೆಲೆಯ ಹಿಂದೆ ಬೇರೆ ಕಾರಣವಿರುತ್ತದೆ. ಕಳೆದ ವರ್ಷ ತಯಾರಾಗಿ ಅಂಗಳದಲ್ಲಿ ಬಿಸಿಲು ಮಳೆಗೆ ನಿಂತ ಗಾಡಿ ಇರಬಹುದು, ಪ್ರದರ್ಶನಕ್ಕೆ ಓಡಿಸಿದ್ದಿರಬಹುದು, ಟೂಲ್ ಕಿಟ್, ಹುಕ್, ಬಂಪರ್ ಮುಂತಾದವು ಬೆಲೆಯಲ್ಲಿ ಸೇರಿರದೆ ಇರಬಹುದು. ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಕಾಗದದಲ್ಲಿ ನೋಡಿ, ಮೀಟರಿನಲ್ಲಿ ಎಷ್ಟು ಗಂಟೆ ಓಡಿದೆಯೆಂದು ಪರೀಕ್ಷಿಸಿ.

ಎರಡೂ ಬೆಲೆಯನ್ನು ಒಂದೇ ಹಾಳೆಯಲ್ಲಿ ಬರೆಯಿರಿ

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಯೇಸುಸ್ವಾಮಿಯ ಸಾಮತಿ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಅದನ್ನು ನಾವು ಶಿಷ್ಯತ್ವದ ಬಗ್ಗೆ ಬೋಧಿಸುತ್ತೇವೆ, ಸರಿಯೇ. ಆದರೆ ಕುಳಿತು ಲೆಕ್ಕ ಹಾಕುವ ಬುದ್ಧಿ ಟ್ರ್ಯಾಕ್ಟರಿಗೂ ಬೇಕು. ಒಂದು ಉದಾಹರಣೆ ನೋಡೋಣ. ಇಲ್ಲಿನ ಅಂಕಿಗಳು ಲೆಕ್ಕದ ಕ್ರಮ ತೋರಿಸಲು ಮಾತ್ರ. ನಿಮ್ಮ ಊರಿನ ನಿಜವಾದ ಅಂಕಿಗಳನ್ನು ನೀವೇ ತುಂಬಿಕೊಳ್ಳಬೇಕು.

ಊರಿನ ಡೀಲರ್ ಹೇಳಿದ ಬೆಲೆ 6,90,000. ದೂರದವರು ಹೇಳಿದ್ದು 6,50,000. ವ್ಯತ್ಯಾಸ 40,000. ಈಗ ದೂರದ ಖರ್ಚು:

1. ಲಾರಿ ಬಾಡಿಗೆ, ಹತ್ತಿಸಿ ಇಳಿಸುವ ಕೂಲಿ – 14,000
2. ಬುಕಿಂಗಿಗೆ ಒಮ್ಮೆ, ಗಾಡಿ ತರಲು ಒಮ್ಮೆ ಮೂವರು ಹೋಗಿ ಬರುವ ಖರ್ಚು – 6,000
3. ತಾತ್ಕಾಲಿಕ ನೋಂದಣಿ ಮತ್ತು ಕಾಗದಪತ್ರದ ಓಡಾಟ – 3,000
4. ಮೊದಲ ಸರ್ವೀಸುಗಳಿಗೆ ಮೆಕ್ಯಾನಿಕ್ ಬಂದು ಹೋಗುವ ಖರ್ಚು – 8,000

ಒಟ್ಟು 31,000. ಉಳಿದದ್ದು 9,000. ಗಂಟೆಗೆ 1,000 ರೂಪಾಯಿ ಬಾಡಿಗೆಯಂತೆ ದಿನಕ್ಕೆ 6 ಗಂಟೆ ಉಳುವ ಗಾಡಿ ಜೂನ್ ತಿಂಗಳಲ್ಲಿ ಎರಡು ದಿನ ನಿಂತರೆ 12,000 ಹೋಯಿತು. ಅಲ್ಲಿಗೆ ಉಳಿತಾಯ ಮುಗಿಯಿತು.

ಲಾರಿ ಏಕೆ, ಓಡಿಸಿಕೊಂಡೇ ಬರಬಾರದೇ ಎಂದು ಕೆಲವರು ಕೇಳುತ್ತಾರೆ. ಟ್ರ್ಯಾಕ್ಟರಿನ ವೇಗ ಗಂಟೆಗೆ ಹೆಚ್ಚೆಂದರೆ 30 ಕಿ.ಮೀ. ಆಸುಪಾಸು. ಹೊಸ ಇಂಜಿನನ್ನು ಒಂದೇ ಸಮನೆ ಓಡಿಸಿ, ಘಾಟಿಯ ತಿರುವುಗಳಲ್ಲಿ ಬ್ರೇಕ್ ಹಿಡಿಯುತ್ತಾ ತರುವುದು ಗಾಡಿಗೂ ಒಳ್ಳೆಯದಲ್ಲ, ಓಡಿಸುವವರಿಗೂ ಒಳ್ಳೆಯದಲ್ಲ. ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳಿಗೆ ಅವಕಾಶವಿಲ್ಲದ ಕಾರಣ ಲಾರಿಯೂ ಸುತ್ತಿ ಬರಬೇಕಾಗಬಹುದು. ಮಳೆಗಾಲದಲ್ಲಂತೂ ದಾರಿಯ ಭರವಸೆ ಇಲ್ಲ. 2018ರಲ್ಲಿ ಶಿರಾಡಿ, 2019ರಲ್ಲಿ ಚಾರ್ಮಾಡಿ ಘಾಟಿ ಗುಡ್ಡ ಕುಸಿದು ಮುಚ್ಚಿದ್ದನ್ನು ನಾವೆಲ್ಲ ಕಂಡಿದ್ದೇವೆ.

ಜೂನ್ ತಿಂಗಳಲ್ಲಿ ಯಾರು ಬರುತ್ತಾರೆ?

ನಮ್ಮ ಏಣೇಲು ಬೆಳೆ, ಕುಂದಾಪುರದ ಕಡೆಯವರು ಕಾರ್ತಿ ಎನ್ನುವ ಬೆಳೆ, ಮಳೆಯನ್ನೇ ನಂಬಿದ್ದು. ನೇಜಿ ಹಾಕಿ ಮೂರು ವಾರ ಕಳೆಯುವಾಗ ಗದ್ದೆ ಕೆಸರಾಗಿ ಸಿದ್ಧವಿರಬೇಕು. ತಡವಾದರೆ ನೇಜಿ ಬಲಿಯುತ್ತದೆ; ಬಲಿತ ನೇಜಿ ನೆಟ್ಟರೆ ತೆಂಡೆ ಕಡಿಮೆ ಒಡೆದು ಇಳುವರಿ ಇಳಿಯುತ್ತದೆ. ಬಯಲುನಾಡಿನಲ್ಲಿ ವರ್ಷದ ಹಲವು ತಿಂಗಳು ಹಂಚಿಹೋಗುವ ಉಳುಮೆ ನಮ್ಮಲ್ಲಿ ಕೆಲವೇ ವಾರಗಳಲ್ಲಿ ಮುಗಿಯಬೇಕು. ನಮ್ಮ ಟ್ರ್ಯಾಕ್ಟರ್ ಕೆಡುವುದೂ ಹೆಚ್ಚಾಗಿ ಅದೇ ವಾರಗಳಲ್ಲಿ.

ನಮಗೆ ತಿಳಿದ ಒಂದು ಊರಿನ ಗುಂಪಿನಲ್ಲಿ ನಡೆದದ್ದನ್ನು ಹೆಸರು ಹೇಳದೆ ಬರೆಯುತ್ತೇವೆ. ಅವರು ದೂರದಿಂದ ಒಳ್ಳೆಯ ಬೆಲೆಗೆ ಒಳ್ಳೆಯ ಗಾಡಿಯನ್ನೇ ತಂದರು. ಜೂನ್ ಮೂರನೆಯ ವಾರ ಹೈಡ್ರಾಲಿಕ್ ಲಿಫ್ಟ್ ಏಳದಾಯಿತು. ಮಾರಿದವರಿಗೆ ಫೋನ್ ಮಾಡಿದರೆ, "ನಿಮ್ಮ ಹತ್ತಿರದ ನಮ್ಮ ಕಂಪೆನಿಯ ಡೀಲರಿಗೆ ತೋರಿಸಿ, ವಾರಂಟಿ ಎಲ್ಲ ಕಡೆ ಒಂದೇ" ಎಂದರು. ಅದು ಸುಳ್ಳಲ್ಲ. ಕಂಪೆನಿಯ ವಾರಂಟಿ ಸಾಮಾನ್ಯವಾಗಿ ಅದರ ಯಾವುದೇ ಅಧಿಕೃತ ಡೀಲರ್ ಬಳಿ ನಡೆಯುತ್ತದೆ. ಆದರೆ ಹತ್ತಿರದ ಡೀಲರ್ ಬಳಿ ಇದ್ದದ್ದು ಇಬ್ಬರೇ ಮೆಕ್ಯಾನಿಕರು, ಅವರ ಮುಂದೆ ತಮ್ಮದೇ ಗಿರಾಕಿಗಳ ಸಾಲು. ಇವರ ಸರದಿ ಬಂದದ್ದು ಒಂಬತ್ತನೆಯ ದಿನ. ಅಷ್ಟರಲ್ಲಿ ಮೂರು ಮನೆಗಳ ನೇಜಿ ಬಲಿತಿತ್ತು. ಗುಂಪಿನ ಖಜಾಂಚಿ ಬೆಲೆ ಇಳಿಸಿದ್ದಕ್ಕಾಗಿ ಮಾರ್ಚಿನಲ್ಲಿ ಹೊಗಳಿಸಿಕೊಂಡವರು. ಜುಲೈಯಲ್ಲಿ ಅವರನ್ನೇ ಎಲ್ಲರೂ ದೂರಿದರು. ಮುಂದಿನ ವರ್ಷ ಗುಂಪು ಸೇರಲಿಲ್ಲ. ಟ್ರ್ಯಾಕ್ಟರ್ ರಿಪೇರಿಯಾಯಿತು, ಗುಂಪು ರಿಪೇರಿಯಾಗಲಿಲ್ಲ.

ಇಲ್ಲಿ ಯಾರನ್ನೂ ದೂರುವಂತಿಲ್ಲ. ಮಳೆಗಾಲದಲ್ಲಿ ಹತ್ತು ಕಡೆಯಿಂದ ಕರೆ ಬರುವಾಗ ತನ್ನಲ್ಲಿ ಕೊಂಡವನ ಗದ್ದೆಗೆ ಡೀಲರ್ ಮೊದಲು ಹೋಗುವುದು ಸಹಜ. ಲಿಖಿತವಾಗಿ ಎಲ್ಲೂ ಇರದ ಈ ಸರದಿಗೂ ನಾವು ಹೆಚ್ಚು ಕೊಡುವ 40 ಸಾವಿರದಲ್ಲಿ ಪಾಲಿದೆ.

ಸರ್ವೀಸಿನ ವಿಷಯದಲ್ಲಿ ಇನ್ನೊಂದು ಮಾತು. ಹೊಸ ಟ್ರ್ಯಾಕ್ಟರಿನ ಮೊದಲ ಸರ್ವೀಸ್ ಸಾಮಾನ್ಯವಾಗಿ 50 ಗಂಟೆ ಓಡಿದಾಗ ಬರುತ್ತದೆ. ಕ್ರಮದ ಸರ್ವೀಸುಗಳನ್ನು ಅಧಿಕೃತರಿಂದ ಮಾಡಿಸಿ ಸರ್ವೀಸ್ ಪುಸ್ತಕದಲ್ಲಿ ಸಹಿ ಹಾಕಿಸದಿದ್ದರೆ ವಾರಂಟಿ ಕೇಳುವಾಗ ತಕರಾರು ಬರುತ್ತದೆ. ದೂರವೆಂದು ಸರ್ವೀಸ್ ಬಿಡುವವರು ಬಹಳ ಮಂದಿ. ಕೆಸರಿನಲ್ಲಿ ದುಡಿದ ಗಾಡಿಯಲ್ಲಿ ಆಕ್ಸಲಿನ ಆಯಿಲ್ ಸೀಲ್ ಸವೆದು ನೀರು ಒಳಗೆ ಹೋದರೆ ಅದು ಸರ್ವೀಸಿನಲ್ಲಿ ಕಾಣಬೇಕು. ಬಿಟ್ಟರೆ ಗೇರ್, ಬೇರಿಂಗ್ ತನಕ ಹೋಗುತ್ತದೆ.

ನಮ್ಮ ಗದ್ದೆಗೆ ಹೊಂದುವ ಗಾಡಿ

ದೂರದ ಡೀಲರ್ ಬಳಿ ಕಡಿಮೆಗೆ ಸಿಗುವುದು ಅಲ್ಲಿ ಹೆಚ್ಚು ಮಾರಾಟವಾಗುವ ಮಾದರಿ. ಅಲ್ಲಿ ವಿಶಾಲವಾದ ಒಣ ಹೊಲ, ಭಾರದ ಟ್ರೇಲರ್ ಕೆಲಸ. ಆದ್ದರಿಂದ 45, 50 ಎಚ್‌ಪಿಯ ದೊಡ್ಡ ಗಾಡಿ ನಡೆಯುತ್ತದೆ. ನಮ್ಮಲ್ಲಿ ಸಣ್ಣ ಸಣ್ಣ ಗದ್ದೆ, ಕಿರಿದಾದ ಹುಣಿ, ಮಜಲಿನಿಂದ ಬೈಲಿಗೆ ಇಳಿಯುವ ದಾರಿ. ಕೆಸರಿನಲ್ಲಿ ಹೂತುಹೋಗದ, ತಿರುಗಿಸಲು ಸುಲಭವಾದ 20ರಿಂದ 30 ಎಚ್‌ಪಿಯ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಹಗುರ ಗಾಡಿ, ಜೊತೆಗೆ ರೋಟವೇಟರ್ ಮತ್ತು ಕೇಜ್ ವೀಲ್ ಹೆಚ್ಚಿನ ಕಡೆ ಸಾಕು. ಊರಿನ ಡೀಲರಿಗೆ "ಒಮ್ಮೆ ನಮ್ಮ ಗದ್ದೆಯಲ್ಲೇ ಓಡಿಸಿ ತೋರಿಸಿ" ಎಂದು ಹೇಳಬಹುದು. ಅಗ್ಗವೆಂದು ತಂದ ದೊಡ್ಡ ಗಾಡಿ ಗದ್ದೆಗೆ ಇಳಿಯದೆ ಕಲ್ಲು, ಮಣ್ಣು ಸಾಗಿಸಲು ಹೋದ ಉದಾಹರಣೆಗಳಿವೆ.

ಕಾಗದಪತ್ರ, ಸಾಲ, ಸಹಾಯಧನ

ಎಲ್ಲಿಂದ ಕೊಂಡರೂ ಇನ್‌ವಾಯ್ಸ್, ಮಾರಾಟದ ಪ್ರಮಾಣಪತ್ರವಾದ ಫಾರ್ಮ್ 21, ಗಾಡಿ ಯೋಗ್ಯವೆಂಬ ತಯಾರಕರ ಫಾರ್ಮ್ 22, ವಿಮೆ, ವಾರಂಟಿ ಕಾರ್ಡ್, ಸರ್ವೀಸ್ ಪುಸ್ತಕ ಕೈಗೆ ಬರಬೇಕು. ಛಾಸಿ ಮತ್ತು ಇಂಜಿನ್ ನಂಬರನ್ನು ಗಾಡಿಯ ಮೇಲೆ ಓದಿ ಕಾಗದದೊಂದಿಗೆ ತಾಳೆ ಹಾಕಿ. ಬೇರೆ ರಾಜ್ಯದಿಂದ ತರುವುದಾದರೆ ಅಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಿ ಇಲ್ಲಿ ಕಾಯಂ ನೋಂದಣಿ ಮಾಡಿಸಬೇಕು. ರಾಜ್ಯದೊಳಗಾದರೆ ಸುಲಭ, ಆದರೂ ನೋಂದಣಿ ಯಾರು ಮಾಡಿಸುತ್ತಾರೆ, ಯಾರ ಖರ್ಚಿನಲ್ಲಿ ಎಂಬುದನ್ನು ಬರೆಸಿಕೊಳ್ಳಿ.

ಸಾಲವಿದ್ದರೆ ಬ್ಯಾಂಕು ಸಾಮಾನ್ಯವಾಗಿ ಹಣವನ್ನು ನೇರವಾಗಿ ಡೀಲರಿಗೇ ಕೊಡುತ್ತದೆ. ದೂರದ ಡೀಲರನ್ನು ನಿಮ್ಮ ಸಹಕಾರಿ ಸಂಘ ಅಥವಾ ಬ್ಯಾಂಕು ಒಪ್ಪುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಸರಕಾರದ ಸಹಾಯಧನ ಬೇಕಾದರೆ ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಅರ್ಜಿ ಕೊಟ್ಟು, ಮಂಜೂರಾತಿ ಪಡೆದು, ಇಲಾಖೆ ಒಪ್ಪಿದ ಮಾದರಿಯನ್ನು ಕೊಳ್ಳುವುದು ಕ್ರಮ. ಮೊದಲು ಕೊಂಡು ಆಮೇಲೆ ಅರ್ಜಿ ಹಿಡಿದು ಹೋದವರು ಬರಿಗೈಯಲ್ಲಿ ಮರಳಿದ್ದಾರೆ.

ಗುಂಪಿನ ಹಣದಿಂದ ಕೊಂಡ ಗಾಡಿ ಒಬ್ಬ ಸದಸ್ಯರ ಹೆಸರಿನಲ್ಲಿ ನೋಂದಣಿಯಾಗುವುದುಂಟು. ಹಾಗಾದರೆ ಯಾರ ಹಣ ಎಷ್ಟು, ಗಾಡಿ ಯಾರಿಗೆ ಸೇರಿದ್ದು ಎಂಬುದನ್ನು ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಅಣ್ಣತಮ್ಮಂದಿರ ನಡುವೆಯೂ ಇದು ಬೇಕು.

ಇನ್ನು ದೂರದವರು ಮೋಸ ಮಾಡಿದರೆ ಅಲ್ಲಿಯ ಕೋರ್ಟಿಗೆ ಅಲೆಯಬೇಕೆಂಬ ಭಯ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಯಂತ್ರ ಕೊಂಡವನೂ ಗ್ರಾಹಕನೇ.

ದೂರದಿಂದ ತರುವುದು ಸರಿಯಾಗುವುದು ಯಾವಾಗ?

ಊರಿನವನೆಂಬ ಒಂದೇ ಕಾರಣಕ್ಕೆ ಹೆಚ್ಚು ಬೆಲೆ ಕೊಡಿ ಎಂದು ನಾವು ಹೇಳುವುದಿಲ್ಲ. ಹತ್ತಿರದಲ್ಲಿ ಬರೀ ಶೋರೂಮ್ ಇದ್ದು ಮೆಕ್ಯಾನಿಕರೂ ಬಿಡಿಭಾಗಗಳೂ ಮಂಗಳೂರಿನಿಂದಲೋ ಶಿವಮೊಗ್ಗದಿಂದಲೋ ಬರಬೇಕಾದರೆ ಆ ಡೀಲರ್ ಹತ್ತಿರದವನಾಗಿ ಪ್ರಯೋಜನವಿಲ್ಲ. ಊರಿನಲ್ಲೇ ಆ ಕಂಪೆನಿಯ ಗಾಡಿ ಬಲ್ಲ ಒಳ್ಳೆಯ ಮೆಕ್ಯಾನಿಕ್ ಇದ್ದರೆ, ಹತ್ತಿರದ ಡೀಲರ್ ಸರ್ವೀಸ್ ಕೊಡುವುದಾಗಿ ಬರೆದುಕೊಟ್ಟರೆ, ಎಲ್ಲ ಖರ್ಚು ಕಳೆದೂ ದೊಡ್ಡ ಮೊತ್ತ ಉಳಿದರೆ, ಮತ್ತು ಗಾಡಿಯನ್ನು ಮಳೆಗೆ ಎರಡು ತಿಂಗಳ ಮೊದಲೇ ತಂದು ಓಡಿಸಿ ನೋಡಲು ಸಮಯವಿದ್ದರೆ ದೂರದಿಂದ ತನ್ನಿ. ಹಾಗೆ ತಂದು ಚೆನ್ನಾಗಿ ನಡೆಸುತ್ತಿರುವವರನ್ನೂ ನಾವು ಬಲ್ಲೆವು. ಅವರು ಮೊದಲು ಮೆಕ್ಯಾನಿಕನನ್ನು ಗೊತ್ತುಮಾಡಿ ಆಮೇಲೆ ಟ್ರ್ಯಾಕ್ಟರ್ ಗೊತ್ತುಮಾಡಿದವರು.

ವ್ಯವಹಾರದಲ್ಲಿ ನಮ್ಮ ನಡತೆ

ಪೋಪ್ 23ನೇ ಯೊವಾನ್ನರು 1961ರ 'ಮಾತೆರ್ ಎತ್ ಮಜಿಸ್ತ್ರಾ' ವಿಶ್ವಪತ್ರದಲ್ಲಿ ಕೃಷಿಕರ ಸಹಕಾರ ಸಂಘಗಳಿಗೆ ಬಹಳ ಮಹತ್ವ ಕೊಟ್ಟರು. ಕೊಳ್ಳುವುದರಲ್ಲೂ ನೀತಿಯ ಪ್ರಶ್ನೆ ಇದೆಯೆಂದು ಪೋಪ್ 16ನೇ ಬೆನೆಡಿಕ್ಟರು 2009ರ 'ಕಾರಿತಾಸ್ ಇನ್ ವೆರಿತಾತೆ'ಯಲ್ಲಿ ನೆನಪಿಸಿದರು. ನಮ್ಮ ಮಟ್ಟದಲ್ಲಿ ಇದರ ಅರ್ಥ ಮೂರು ಸಂಗತಿಗಳು.

ಒಂದು, ದೂರದ ದರಪಟ್ಟಿಯನ್ನು ಊರಿನ ಡೀಲರ್ ಮುಂದಿಟ್ಟು ಚೌಕಾಸಿ ಮಾಡುವುದರಲ್ಲಿ ತಪ್ಪಿಲ್ಲ. ಇಲ್ಲದ ದರವನ್ನು ಇದೆಯೆಂದು ಹೇಳುವುದು ತಪ್ಪು. ಎರಡು, ದೂರದಿಂದಲೇ ತರುವುದೆಂದು ನಿರ್ಧರಿಸಿದ ಮೇಲೆ ಊರಿನವರನ್ನು ಎರಡು ದಿನ ಗದ್ದೆಯಲ್ಲಿ ಗಾಡಿ ಓಡಿಸಲು ಕರೆಯಬೇಡಿ. ಅವರ ಡೀಸೆಲಿಗೂ ಸಮಯಕ್ಕೂ ಬೆಲೆ ಇದೆ. ಮೂರು, ಡೀಲರ್ ಕೊಡುವ ಕಮಿಷನ್, ಉಡುಗೊರೆ ಏನೇ ಇದ್ದರೂ ಅದು ಗುಂಪಿನ ಖಾತೆಗೆ ಬರಲಿ, ಸಭೆಯಲ್ಲಿ ಓದಿ ಹೇಳಲಿ. ಮುಖ್ಯವಾಗಿ ಚರ್ಚಿನ ಸಂಘಟನೆಗಳಲ್ಲಿ ಜವಾಬ್ದಾರಿ ಹೊತ್ತವರು ಈ ಮೂರನೆಯದನ್ನು ಮರೆಯಬಾರದು.

ಡೀಲರನ್ನು ಕೇಳಬೇಕಾದ ಐದು ಪ್ರಶ್ನೆಗಳು

1. ಗಾಡಿ ಗದ್ದೆಯಲ್ಲಿ ನಿಂತರೆ ಎಷ್ಟು ಗಂಟೆಯೊಳಗೆ ಮೆಕ್ಯಾನಿಕ್ ಬರುತ್ತಾರೆ?
2. ಜೂನ್, ಜುಲೈಯಲ್ಲಿ ನಿಮ್ಮಲ್ಲಿ ಎಷ್ಟು ಮಂದಿ ಮೆಕ್ಯಾನಿಕರಿರುತ್ತಾರೆ?
3. ಕ್ಲಚ್ ಪ್ಲೇಟ್, ಆಯಿಲ್ ಸೀಲ್, ಫಿಲ್ಟರ್, ಹೈಡ್ರಾಲಿಕ್ ಭಾಗಗಳು ಈಗ ನಿಮ್ಮ ಅಂಗಡಿಯಲ್ಲಿವೆಯೇ? ತೋರಿಸುತ್ತೀರಾ?
4. ಉಚಿತ ಸರ್ವೀಸ್ ಎಷ್ಟು? ಮನೆಗೆ ಬಂದು ಮಾಡುತ್ತೀರಾ? ಆಯಿಲಿನ ಹಣ ಯಾರದ್ದು?
5. ಈ ಮಾತುಗಳನ್ನು ಲೆಟರ್‌ಹೆಡ್‌ನಲ್ಲಿ ಬರೆದುಕೊಡುತ್ತೀರಾ?

ಊರಿನವರನ್ನೂ ದೂರದವರನ್ನೂ ಇವನ್ನೇ ಕೇಳಿ. ನಿಮ್ಮ ಗದ್ದೆಯ ಸುತ್ತ ಅದೇ ಗಾಡಿ ಇಟ್ಟುಕೊಂಡ ಇಬ್ಬರನ್ನಾದರೂ ಮಾತನಾಡಿಸಿ. ನಂತರ ಎಲ್ಲರೂ ಕುಳಿತು ತೀರ್ಮಾನಿಸಿ. ಎಲ್ಲರೂ ಸೇರಿ ಮಾಡಿದ ತೀರ್ಮಾನ ತಪ್ಪಿದರೂ ಒಬ್ಬನ ತಲೆಗೆ ಬರುವುದಿಲ್ಲ.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತೇವೆ. ಆ ತೆನೆ ನಮ್ಮದೇ ಊರಿನ ಗದ್ದೆಯಿಂದ ಬರಬೇಕಾದರೆ ಜೂನ್ ತಿಂಗಳಲ್ಲಿ ಉಳುಮೆ ನಿಲ್ಲಬಾರದು. ಈ ವರ್ಷ ಟ್ರ್ಯಾಕ್ಟರ್ ಕೊಳ್ಳಲು ಹೊರಟಿರುವ ಎಲ್ಲ ಗುಂಪುಗಳಿಗೆ ದೇವರು ಒಳ್ಳೆಯ ವಿವೇಕವನ್ನೂ ಒಳ್ಳೆಯ ಮಳೆಯನ್ನೂ ಕೊಡಲಿ ಎಂದು ಹಾರೈಸುತ್ತೇವೆ.